ಸಂಜೆ ಆರರ ಗುರುತು ನಾಲ್ಕಕ್ಕೇ ಬಿದ್ದಿತ್ತು: ಮನೆಯಲ್ಲಿ ನಡೆಯುವ ಆರೈಕೆ ಸರಿಯಾಗಿದೆಯೇ ಎಂದು ತಿಳಿಯುವುದು ಹೇಗೆ?

ಪ್ರಶ್ನೆ ಕೇಳಿದವರು: ಹಿರಿಮಗಳು

ಎಲ್ಲರಿಗೂ ನಮಸ್ಕಾರ.

ನನ್ನ ತಾಯಿಗೆ 74 ವರ್ಷ. ಐದು ತಿಂಗಳ ಹಿಂದೆ ಪಾರ್ಶ್ವವಾಯು ಬಡಿದು ಬಲಗೈ, ಬಲಗಾಲುಗಳ ಸ್ವಾಧೀನ ಹೋಯಿತು. ನಾವು ಹೇಳುವುದೆಲ್ಲ ಅವರಿಗೆ ಅರ್ಥವಾಗುತ್ತದೆ, ಬಾಯಿಂದ ಮಾತು ಮಾತ್ರ ಹೊರಡುವುದಿಲ್ಲ. ಹೌದು ಎನ್ನಲು ಎಡಗೈಯಿಂದ ನನ್ನ ಬೆರಳನ್ನು ಒತ್ತುತ್ತಾರೆ, ಬೇಡ ಎನ್ನಲು ಮುಖ ತಿರುಗಿಸುತ್ತಾರೆ. ಆಸ್ಪತ್ರೆಯಿಂದ ಬಂದಾಗಿನಿಂದ ಒಂದು ಏಜೆನ್ಸಿಯ ಮೂಲಕ ಹಗಲಿಗೊಬ್ಬರು, ರಾತ್ರಿಗೊಬ್ಬರು ಬಂದು ನೋಡಿಕೊಳ್ಳುತ್ತಿದ್ದಾರೆ. ನಾನು ಬೆಳಿಗ್ಗೆ ಎಂಟಕ್ಕೆ ಕೆಲಸಕ್ಕೆ ಹೊರಟರೆ ಮರಳುವುದು ಸಂಜೆ ಏಳಕ್ಕೆ.

ಹಾಸಿಗೆಯ ಪಕ್ಕದಲ್ಲಿ ಏಜೆನ್ಸಿಯವರೇ ಕೊಟ್ಟ ಪುಸ್ತಕವೊಂದಿದೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಿದ್ದು, ಔಷಧಿ, ಕುಡಿಸಿದ ನೀರು, ಡಯಾಪರ್ ಎಲ್ಲಕ್ಕೂ ಅದರಲ್ಲಿ ಅಂಕಣಗಳಿವೆ. ದಿನವೂ ಮನೆಗೆ ಬಂದ ತಕ್ಷಣ ಅದನ್ನು ನೋಡಿ ನೆಮ್ಮದಿಯಿಂದ ಮುಖ ತೊಳೆಯಲು ಹೋಗುತ್ತಿದ್ದೆ. ಕಳೆದ ವಾರ ತಲೆನೋವೆಂದು ನಾಲ್ಕು ಗಂಟೆಗೇ ಬಂದೆ. ಪುಸ್ತಕ ತೆರೆದರೆ ಆರು ಗಂಟೆಯ ಸಾಲಿನಲ್ಲಿ "ಎಡ ಮಗ್ಗುಲು" ಎಂದು ಬರೆದು ಗುರುತು ಹಾಕಿಯಾಗಿತ್ತು. ಹಿಂದಿನ ಪುಟಗಳನ್ನು ತಿರುವಿದೆ. ಇಡೀ ದಿನದ ಗುರುತುಗಳು ಒಂದೇ ಪೆನ್ನಿನಲ್ಲಿ, ಒಂದೇ ಓಟದಲ್ಲಿ ಬರೆದಂತಿದ್ದವು. ಹಗಲಿನವರು ರಜೆ ಹಾಕಿ ಬೇರೊಬ್ಬರು ಬಂದಿದ್ದ ದಿನದ ಪುಟದಲ್ಲೂ ಅದೇ ಕೈಬರಹ.

ಅವರನ್ನು ಕೆಟ್ಟವರೆಂದು ಹೇಳಲು ನನಗೆ ಮನಸ್ಸು ಬರುತ್ತಿಲ್ಲ. ಅಮ್ಮನ ತಲೆ ಬಾಚುವಾಗ ಸಿಕ್ಕು ಬಿಡಿಸಲು ಅವರು ತೋರುವ ತಾಳ್ಮೆ ನನಗೂ ಇಲ್ಲ. ಆದರೆ ಆರರ ಆ ಗುರುತನ್ನು ನೋಡಿದ ಮೇಲೆ ರಾತ್ರಿ ನಿದ್ದೆ ಹತ್ತುತ್ತಿಲ್ಲ. ಏಜೆನ್ಸಿಗೆ ಫೋನ್ ಮಾಡಿದೆ. ತರಬೇತಿಯ ಪ್ರಮಾಣಪತ್ರ, ಹಿನ್ನೆಲೆ ಪರಿಶೀಲನೆಯ ಕಾಗದ, ಗ್ರಾಹಕರು ಬರೆದ ಹೊಗಳಿಕೆಗಳನ್ನು ಕಳುಹಿಸಿ, "ಇದುವರೆಗೆ ಒಂದು ದೂರೂ ಬಂದಿಲ್ಲ, ಬೇಕಿದ್ದರೆ ನಾಳೆಯೇ ಬೇರೆಯವರನ್ನು ಕಳುಹಿಸುತ್ತೇವೆ" ಎಂದರು. ಬೇರೆಯವರು ಬಂದರೂ ನನ್ನ ಕೈಯಲ್ಲಿರುವುದು ಇದೇ ಪುಸ್ತಕವಲ್ಲವೇ? ಬಾಯಿಬಿಟ್ಟು ಹೇಳಲಾಗದವರ ಆರೈಕೆ ಸುರಕ್ಷಿತವಾಗಿದೆಯೇ ಎಂದು ಹೊರಗಿನಿಂದ ದುಡಿದು ಬರುವ ನನ್ನಂಥವರು ಏನನ್ನು ನೋಡಿ ನಿರ್ಧರಿಸಬೇಕು? ಕ್ಯಾಮೆರಾ ಹಾಕಬೇಕೇ? ಅನುಭವಿಗಳು ದಯವಿಟ್ಟು ಹೇಳಿ.

ಉತ್ತರ: ನಿವೃತ್ತ ನರ್ಸ್

ತಂಗಿ, ನಾನು 26 ವರ್ಷ ನರ್ಸ್ ಆಗಿದ್ದೆ. ಕೊನೆಯ 11 ವರ್ಷ ಮನೆಗಳಿಗೆ ಹೋಗಿ ಆರೈಕೆ ಮಾಡುವವರ ಕೆಲಸವನ್ನು ನೋಡಿ ತಿದ್ದುವ ಹೊಣೆ ನನ್ನದಾಗಿತ್ತು. ಪುಸ್ತಕವನ್ನು ಸದ್ಯಕ್ಕೆ ಮುಚ್ಚಿಡಿ. ಇವತ್ತು ರಾತ್ರಿಯೇ ನಿಮ್ಮ ತಾಯಿಯ ಮೈಯನ್ನು ನೋಡಿ.

ಒಳ್ಳೆಯ ಬೆಳಕಿನಲ್ಲಿ ಹಿಮ್ಮಡಿ, ಕಾಲಿನ ಗಿಣ್ಣು, ಬೆನ್ನಿನ ತುದಿಯ ಮೂಳೆ, ಸೊಂಟದ ಎರಡೂ ಬದಿ, ಭುಜದ ಹಲಗೆ, ಮೊಣಕೈ, ತಲೆಯ ಹಿಂಭಾಗ, ಕಿವಿಯ ಅಂಚು ಇಷ್ಟನ್ನೂ ನೋಡಬೇಕು. ಕೆಂಪಾಗಿರುವ ಜಾಗವನ್ನು ಬೆರಳಿನಿಂದ ಒತ್ತಿ ಬಿಡಿ. ಕ್ಷಣಕಾಲ ಬಿಳಿಚಿಕೊಂಡು ಮತ್ತೆ ಕೆಂಪಾದರೆ ಅಲ್ಲಿ ರಕ್ತ ಓಡಾಡುತ್ತಿದೆ. ಒತ್ತಿದರೂ ಬಣ್ಣ ಕದಲದಿದ್ದರೆ ಅದು, ಒಂದೇ ಮಗ್ಗುಲಲ್ಲಿ ಬಹಳ ಹೊತ್ತು ಮಲಗಿದರೆ ಆಗುವ ಹಾಸಿಗೆ ಹುಣ್ಣಿನ ಮೊದಲ ಹಂತ. ಚರ್ಮ ಒಡೆದಿಲ್ಲವೆಂದು ಅಲಕ್ಷ್ಯ ಮಾಡಬೇಡಿ, ಒಳಗೆ ಪೆಟ್ಟು ಬಿದ್ದಾಗಿದೆ. ಮೈಬಣ್ಣ ಕಪ್ಪಾಗಿದ್ದರೆ ಕೆಂಪು ಕಣ್ಣಿಗೆ ಬೀಳುವುದಿಲ್ಲ. ಆಗ ಕೈಯೇ ಕಣ್ಣು. ಸುತ್ತಲಿನ ಚರ್ಮಕ್ಕಿಂತ ಅಲ್ಲಿ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ, ಮುಟ್ಟಿದರೆ ತಾಯಿ ಮುಖ ಕಿವುಚುತ್ತಾರೆಯೇ ನೋಡಿ. ಅಂಥ ಜಾಗವನ್ನು ಎಣ್ಣೆ ಹಚ್ಚಿ ತಿಕ್ಕಬೇಡಿ, ತಿಕ್ಕಿದರೆ ಗಾಯ ಹೆಚ್ಚುತ್ತದೆ. ಅದರ ಮೇಲೆ ಭಾರ ಬೀಳದಂತೆ ಮಾಡಿ ವೈದ್ಯರಿಗೆ ತಿಳಿಸಿ. ಹಿಮ್ಮಡಿಯಾದರೆ ಮೀನಖಂಡದ ಉದ್ದಕ್ಕೂ ದಿಂಬು ಕೊಟ್ಟು ಹಿಮ್ಮಡಿ ಗಾಳಿಯಲ್ಲಿ ತೇಲುವಂತಿರಬೇಕು.

ನನ್ನ ಕೆಲಸದಲ್ಲಿ ನಾನು ಕಲಿತದ್ದು ಇದು: ಗುರುತು ಯಾರು ಬೇಕಾದರೂ ಹಾಕಬಹುದು, ಹಿಮ್ಮಡಿ ಸುಳ್ಳು ಹೇಳುವುದಿಲ್ಲ. ಅವೆದಿಸ್ ಡೊನಬೆಡಿಯನ್ ಎಂಬ ವೈದ್ಯರು 1966ರಲ್ಲೇ ಆರೈಕೆಯ ಗುಣಮಟ್ಟವನ್ನು ಮೂರು ಕಡೆಯಿಂದ ನೋಡಬೇಕು ಎಂದು ಬರೆದರು. ಏನೇನು ಏರ್ಪಾಡಿದೆ, ಏನೇನು ಮಾಡುತ್ತಾರೆ, ಕೊನೆಗೆ ರೋಗಿಗೆ ಏನಾಯಿತು. ನಿಮ್ಮ ಏಜೆನ್ಸಿ ಕಳುಹಿಸಿದ ಪ್ರಮಾಣಪತ್ರಗಳು ಮೊದಲನೆಯದಕ್ಕೆ ಸೇರುತ್ತವೆ. ಪುಸ್ತಕ ಎರಡನೆಯದು. ಮೂರನೆಯದನ್ನು ಅವರು ನಿಮಗೆ ತೋರಿಸಿಯೇ ಇಲ್ಲ. "ನನ್ನ ತಾಯಿಯ ಬ್ರೇಡನ್ ಅಂಕ ಎಷ್ಟು, ಯಾವಾಗ ನೋಡಿದಿರಿ?" ಎಂದು ಅವರನ್ನು ಕೇಳಿ. ಹಾಸಿಗೆ ಹುಣ್ಣಿನ ಅಪಾಯವನ್ನು ಅಳೆಯಲು ಇಬ್ಬರು ನರ್ಸ್‌ಗಳು ರೂಪಿಸಿ 1987ರಲ್ಲಿ ಪ್ರಕಟಿಸಿದ ಮಾಪಕವದು. ಸ್ಪರ್ಶದ ಅರಿವು, ತೇವ, ನಡೆದಾಟ, ಹಾಸಿಗೆಯಲ್ಲಿ ಹೊರಳುವ ಶಕ್ತಿ, ಆಹಾರ, ಮೈ ಉಜ್ಜಿಹೋಗುವುದು ಹೀಗೆ ಆರು ಸಂಗತಿಗಳಿಗೆ ಅಂಕ ಕೊಡುತ್ತಾರೆ. ಗರಿಷ್ಠ 23. ಸಾಮಾನ್ಯವಾಗಿ 18 ಅಥವಾ ಅದಕ್ಕಿಂತ ಕಡಿಮೆ ಬಂದರೆ ಅಪಾಯವಿದೆ ಎಂದು ಅರ್ಥ. ಆ ಹೆಸರನ್ನೇ ಕೇಳಿಲ್ಲ ಎನ್ನುವ ಏಜೆನ್ಸಿಗೆ ಎರಡು ಗಂಟೆಯ ಲೆಕ್ಕ ಎಲ್ಲಿಂದ ಬಂತು ಎಂಬುದೂ ಗೊತ್ತಿರುವುದಿಲ್ಲ. ಎರಡು ಗಂಟೆ ಎಂಬುದು ರೂಢಿ ಅಷ್ಟೇ. ಚರ್ಮ ಹೇಗಿದೆ, ಹಾಸಿಗೆ ಎಂಥದು ಎಂದು ನೋಡಿ ಅದನ್ನು ಹೆಚ್ಚು ಕಡಿಮೆ ಮಾಡಬೇಕಾಗುತ್ತದೆ.

ಇನ್ನು ಒಂದು ಊಟದ ಹೊತ್ತು ರಜೆ ಹಾಕಿಯಾದರೂ ಪಕ್ಕದಲ್ಲಿ ಕೂರಿ. ಪಾರ್ಶ್ವವಾಯುವಾದವರಲ್ಲಿ ಅನೇಕರಿಗೆ ನುಂಗುವುದು ಕಷ್ಟ. ತಾಯಿಯನ್ನು ನೆಟ್ಟಗೆ ಕೂರಿಸಿದ್ದಾರೆಯೇ, ಒಂದು ತುತ್ತು ಇಳಿದ ಮೇಲೆಯೇ ಇನ್ನೊಂದು ಕೊಡುತ್ತಾರೆಯೇ, ಊಟವಾದ ಮೇಲೆ ಅರ್ಧ ಗಂಟೆಯಾದರೂ ಕೂರಿಸಿಯೇ ಇಟ್ಟಿರುತ್ತಾರೆಯೇ? ಕೊನೆಯಲ್ಲಿ ಟಾರ್ಚ್ ಹಿಡಿದು ಬಲಗೆನ್ನೆಯ ಒಳಗೆ ನೋಡಿ. ಸ್ವಾಧೀನವಿಲ್ಲದ ಬದಿಯಲ್ಲಿ ಆಹಾರ ಅವಿತು ಕೂರುತ್ತದೆ, ಅವರಿಗೆ ಅದರ ಅರಿವೂ ಇರುವುದಿಲ್ಲ. ಮಲಗಿಸಿದ ಮೇಲೆ ಅದು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ. ಊಟದ ನಡುವೆ ಕೆಮ್ಮು ಬಂದರೆ, ಗಂಟಲಲ್ಲಿ ಗೊರಗೊರ ಸದ್ದಾದರೆ ತಡಮಾಡದೆ ಹೇಳಬೇಕು ಎಂಬುದು ಆರೈಕೆಯವರಿಗೆ ಗೊತ್ತಿದೆಯೇ ಎಂದು ಕೇಳಿ. ಎಬ್ಬಿಸಿ ಕೂರಿಸುವಾಗ ಬಲಗೈಯನ್ನು ಹಿಡಿದು ಎಳೆಯುತ್ತಾರೆಯೇ ಎಂಬುದನ್ನೂ ಗಮನಿಸಿ. ಸ್ನಾಯು ಸೋತ ಭುಜದ ಕೀಲು ಅಷ್ಟು ಎಳೆತಕ್ಕೇ ಜಾರಬಹುದು. ಡಯಾಪರ್ ಬದಲಿಸಿದ ಕೈಗವಸಿನಲ್ಲೇ ಬಾಯಿ ಒರೆಸುವವರನ್ನು ನಾನು ಕಣ್ಣಾರೆ ನೋಡಿದ್ದೇನೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಸೋಪಿನಿಂದ ಕೈ ತೊಳೆಯಲು 40ರಿಂದ 60 ಸೆಕೆಂಡು ಬೇಕು. ಕೈಗವಸು ಅದಕ್ಕೆ ಬದಲಿಯಾಗುವುದಿಲ್ಲ.

ತಾಯಿಯನ್ನೂ ಕೇಳಿ. ಮೊದಲು ನಿಮಗೆ ಉತ್ತರ ಗೊತ್ತಿರುವ ನಾಲ್ಕೈದು ಪ್ರಶ್ನೆ ಕೇಳಿ ಅವರ ಹೌದು, ಬೇಡ ಎಷ್ಟು ನಂಬಬಹುದು ಎಂದು ತಿಳಿದುಕೊಳ್ಳಿ, ಏಕೆಂದರೆ ಮಾತು ಹೋದವರಲ್ಲಿ ಕೆಲವೊಮ್ಮೆ ಇವೆರಡೂ ಅದಲುಬದಲಾಗುತ್ತವೆ. ಆಮೇಲೆ ಆರೈಕೆಯವರು ಕೋಣೆಯಲ್ಲಿಲ್ಲದಾಗ ಕೇಳಿ: ಎಲ್ಲಾದರೂ ನೋಯುತ್ತಿದೆಯೇ, ಯಾರ ಮೇಲಾದರೂ ಭಯವಿದೆಯೇ. 60 ದಾಟಿದ ಆರು ಜನರಲ್ಲಿ ಒಬ್ಬರು ಒಂದು ವರ್ಷದಲ್ಲಿ ಒಂದಲ್ಲ ಒಂದು ಬಗೆಯ ದೌರ್ಜನ್ಯ ಅನುಭವಿಸುತ್ತಾರೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಮನೆಯವರಿಂದ ಆಗುವುದೂ ಅದರಲ್ಲಿ ಸೇರಿದೆ. ಒಬ್ಬರ ದನಿ ಕೇಳಿದೊಡನೆ ತಾಯಿ ಕೈಯನ್ನು ಹೊದಿಕೆಯೊಳಗೆ ಎಳೆದುಕೊಳ್ಳುತ್ತಿದ್ದರೆ ಅದೂ ಮಾತೇ.

ಉತ್ತರ: ಅಪ್ಪನ ಜೊತೆಗೆ

ನರ್ಸ್ ಅಕ್ಕ ಮೈಯ ಬಗ್ಗೆ ಹೇಳಿದ್ದಾರೆ. ನಾನು ಮಾತ್ರೆಗಳ ಬಗ್ಗೆ ಹೇಳುತ್ತೇನೆ, ನಾವು ಪೆಟ್ಟು ತಿಂದದ್ದು ಅಲ್ಲಿ.

ನನ್ನ ತಂದೆ ಆಸ್ಪತ್ರೆಯಿಂದ ಬಂದಾಗ ಹೊಸ ಔಷಧಿಗಳ ಪಟ್ಟಿ ಕೊಟ್ಟಿದ್ದರು. ಮನೆಯ ಡಬ್ಬಿಯಲ್ಲಿ ಹಳೆಯವೂ ಇದ್ದವು. ಬಂದ ಆರೈಕೆಯವರು ಎರಡನ್ನೂ ನಿಷ್ಠೆಯಿಂದ ಕೊಟ್ಟರು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಒಂದೇ ಔಷಧಿ ಎರಡು ಕಂಪನಿಗಳ ಹೆಸರಿನಲ್ಲಿ ಎರಡು ಪಟ್ಟಿಗಳಲ್ಲೂ ಇತ್ತು. ಹನ್ನೆರಡನೆಯ ದಿನ ಹಲ್ಲುಜ್ಜುವಾಗ ಒಸಡಿನಿಂದ ಬಂದ ರಕ್ತ ನಿಲ್ಲಲೇ ಇಲ್ಲ. ಬಿಳಿಯ ಬೇಸಿನ್ನಿನಲ್ಲಿ ಆ ಬಣ್ಣ ಇವತ್ತಿಗೂ ನನ್ನ ಕಣ್ಣಿಂದ ಮರೆಯಾಗಿಲ್ಲ. ತಪ್ಪು ಆರೈಕೆಯವರದೆಂದು ನಾನು ಎಗರಾಡಿದೆ. ನಿಜವಾಗಿ, ಎರಡು ಪಟ್ಟಿಗಳನ್ನು ಒಟ್ಟಿಗಿಟ್ಟು ಹೋಲಿಸಬೇಕಾದವರು ಯಾರು ಎಂದೇ ನಮ್ಮಲ್ಲಿ ಯಾರೂ ತೀರ್ಮಾನಿಸಿರಲಿಲ್ಲ. ಕಂಪನಿಯ ಹೆಸರು ಬಿಟ್ಟು ಔಷಧಿಯ ಮೂಲ ಹೆಸರು ಬರೆದ ಒಂದೇ ಒಂದು ಪಟ್ಟಿ ಮಾಡಿಸಿ, ವೈದ್ಯರಿಂದಲೋ ಔಷಧಿ ಅಂಗಡಿಯ ಫಾರ್ಮಸಿಸ್ಟರಿಂದಲೋ ನೋಡಿಸಿ, ಉಳಿದದ್ದನ್ನು ಮನೆಯಿಂದ ಹೊರಹಾಕಿ. ಪುಸ್ತಕದ ಗುರುತಿನ ಬದಲು ವಾರಕ್ಕೊಮ್ಮೆ ಮಾತ್ರೆ ಎಣಿಸಿ. ಭಾನುವಾರ 28 ಇದ್ದದ್ದು, ದಿನಕ್ಕೆರಡರಂತೆ ಮುಂದಿನ ಭಾನುವಾರ 14 ಇರಬೇಕು. 17 ಇದ್ದರೆ ಮೂರು ಹೊತ್ತು ತಪ್ಪಿದೆ.

ಬಿದ್ದ ಕಥೆಯೂ ಇದೆ. ಅಪ್ಪನನ್ನು ಬೆಳಗಿನ ಜಾವ ಹಾಸಿಗೆಯಿಂದ ಎಬ್ಬಿಸಿ ನೇರ ಬಚ್ಚಲಿಗೆ ಕರೆದೊಯ್ದರು, ಬಾಗಿಲಲ್ಲೇ ಕುಸಿದರು. ಎದ್ದು ನಿಂತ ಮೂರು ನಿಮಿಷದೊಳಗೆ ರಕ್ತದೊತ್ತಡದ ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ತಲೆ ತಿರುಗಿ ಬೀಳುವ ಅಪಾಯವಿದೆ ಎಂದು ಆಮೇಲೆ ವೈದ್ಯರು ಹೇಳಿದರು. ಮಲಗಿದ್ದಾಗ ಒಮ್ಮೆ, ನಿಂತಾಗ ಒಮ್ಮೆ ಅಳೆಯಲು ಯಾರೂ ನಮಗೆ ಹೇಳಿಕೊಟ್ಟಿರಲಿಲ್ಲ. ಈಗ ಹಾಸಿಗೆಯ ಅಂಚಿನಲ್ಲಿ ಸ್ವಲ್ಪ ಹೊತ್ತು ಕೂತು, ಪಾದ ಆಡಿಸಿ, ಆಮೇಲೆ ಏಳುತ್ತಾರೆ.

ಏಜೆನ್ಸಿ ಬದಲಾಯಿಸಬೇಕೇ ಎಂಬ ವಿಚಾರ. ನಾವು ಎಂಟು ತಿಂಗಳಲ್ಲಿ ಮೂರು ಬದಲಾಯಿಸಿದೆವು. ಪ್ರತಿ ಸಲ ಹೊಸಬರಿಗೆ ಅಪ್ಪ ಯಾವ ಬದಿಗೆ ವಾಲುತ್ತಾರೆ ಎಂಬುದರಿಂದ ಶುರು. ನಾಲ್ಕನೆಯವರನ್ನು ಆರಿಸುವಾಗ ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿದೆ: "ನಿಮ್ಮವರಿಂದ ಕೊನೆಯ ಸಲ ಆದ ತಪ್ಪು ಯಾವುದು? ಆಗ ಏನು ಮಾಡಿದಿರಿ?" ಇಬ್ಬರು, ನಮ್ಮಲ್ಲಿ ತಪ್ಪೇ ಆಗುವುದಿಲ್ಲ ಎಂದರು. ಮೂರನೆಯವರು ಸ್ವಲ್ಪ ಸುಮ್ಮನಿದ್ದು, ಒಬ್ಬರಿಗೆ ರಾತ್ರಿಯ ಮಾತ್ರೆಯನ್ನು ಬೆಳಿಗ್ಗೆ ಕೊಟ್ಟದ್ದನ್ನೂ, ಕೊಟ್ಟವರೇ ಅರ್ಧ ಗಂಟೆಯಲ್ಲಿ ಫೋನ್ ಮಾಡಿ ತಿಳಿಸಿದ್ದನ್ನೂ, ಅಂದಿನಿಂದ ಎರಡು ಬಣ್ಣದ ಡಬ್ಬಿ ಮಾಡಿದ್ದನ್ನೂ ಹೇಳಿದರು. ಅವರನ್ನೇ ಗೊತ್ತುಮಾಡಿದೆ. ಒಂದು ದೂರೂ ಬಂದಿಲ್ಲ ಎಂದು ನಿಮ್ಮ ಏಜೆನ್ಸಿ ಹೇಳಿತಲ್ಲ, ನನಗೆ ಭಯ ಹುಟ್ಟಿಸಿದ್ದು ಆ ಮಾತು.

ಉತ್ತರ: ರಾತ್ರಿ ಪಾಳಿ

ನಾನು ಒಂಬತ್ತು ವರ್ಷಗಳಿಂದ ಇದೇ ಕೆಲಸ ಮಾಡುತ್ತಿದ್ದೇನೆ. ನಿಮ್ಮ ಪ್ರಶ್ನೆ ಓದಿ ಎದೆ ಧಸಕ್ಕೆಂದಿತು, ಏಕೆಂದರೆ ಮುಂಚಿತವಾಗಿ ಗುರುತು ಹಾಕುವ ಕೆಲಸವನ್ನು ನಾನೂ ಮಾಡಿದ್ದೇನೆ.

ಸಮರ್ಥನೆಗೆ ಇದನ್ನು ಬರೆಯುತ್ತಿಲ್ಲ, ಹೇಗಾಗುತ್ತದೆ ಎಂದು ತಿಳಿಯಲಿ ಎಂದು ಬರೆಯುತ್ತಿದ್ದೇನೆ. ಒಂದು ಮನೆಯಲ್ಲಿ ಒಂದು ದಿನ ಅಜ್ಜನಿಗೆ ವಾಂತಿಯಾಗಿ ಎರಡು ಸಲ ಹಾಸಿಗೆ ಬದಲಿಸಿದೆ. ಮೈ ಒರೆಸಿ, ಬಟ್ಟೆ ಹಾಕಿ, ಜ್ವರ ನೋಡಿ, ಪುಸ್ತಕದ ಎರಡು ಸಾಲು ಖಾಲಿ ಉಳಿದವು. ಮನೆಯವರು ಬಂದು ಆ ಎರಡು ಸಾಲನ್ನೇ ಹಿಡಿದು ಬೈದರು, ಏಜೆನ್ಸಿಗೂ ದೂರು ಹೋಯಿತು. ಅಜ್ಜ ಹೇಗಿದ್ದಾರೆ ಎಂದು ಯಾರೂ ಕೇಳಲಿಲ್ಲ. ಮಾರನೆಯ ದಿನದಿಂದ ನನ್ನ ಪುಸ್ತಕದಲ್ಲಿ ಒಂದು ಸಾಲೂ ಖಾಲಿ ಇರಲಿಲ್ಲ.

ನಮ್ಮಲ್ಲಿ ಕೆಟ್ಟವರೂ ಇದ್ದಾರೆ, ಕೆಲಸ ಕದಿಯುವವರೂ ಇದ್ದಾರೆ. ಅಂಥವರನ್ನು ಒಂದು ದಿನವೂ ಇಟ್ಟುಕೊಳ್ಳಬೇಡಿ. ಆದರೆ ಮೊದಲು ನಿಮ್ಮಲ್ಲಿಗೆ ಬರುವವರಿಗೆ ಈ ಪ್ರಶ್ನೆಗಳನ್ನು ಕೇಳಿ: ಇನ್ನೊಂದು ಮನೆಯ ಪಾಳಿ ಮುಗಿಸಿ ನೇರ ಇಲ್ಲಿಗೆ ಬರುತ್ತಿದ್ದೀರಾ? ಅಮ್ಮನನ್ನು ಒಬ್ಬರೇ ಹೊರಳಿಸಲು ಆಗುತ್ತದೆಯೇ? ಮಲಗಿದವರ ಭಾರ ಅವರ ತೂಕಕ್ಕಿಂತ ಹೆಚ್ಚೆನಿಸುತ್ತದೆ. ಬೆನ್ನಿನಿಂದ ತೊಡೆಯವರೆಗೆ ಅಡ್ಡಲಾಗಿ ಒಂದು ಗಟ್ಟಿ ಬಟ್ಟೆ ಹಾಸಿದ್ದರೆ ಅದನ್ನೇ ಹಿಡಿದು ಸರಿಸಬಹುದು, ಮೈ ಉಜ್ಜುವುದಿಲ್ಲ. ಹಾಸಿಗೆ ತೀರ ತಗ್ಗಾಗಿದ್ದರೆ ನಮ್ಮ ನಡು ಮುರಿಯುತ್ತದೆ. ನಡು ನೋಯುವವರು ಹೊರಳಿಸುವುದನ್ನು ಮುಂದೂಡುತ್ತಾರೆ.

ಕ್ಯಾಮೆರಾ ಹಾಕುವುದಾದರೆ ಹೇಳಿ ಹಾಕಿ. ಸ್ನಾನ, ಬಟ್ಟೆ ಬದಲಿಸುವ ಹೊತ್ತಿನಲ್ಲಿ ಬೇಡ, ಆ ಅಮ್ಮನಿಗೂ ಮಾನವಿದೆ. ಮತ್ತೆ ಕ್ಯಾಮೆರಾಕ್ಕೆ ಹಿಮ್ಮಡಿ ಕಾಣುವುದಿಲ್ಲ.

ಪ್ರಶ್ನೆ ಕೇಳಿದವರು: ಹಿರಿಮಗಳು

ಮೂವರಿಗೂ ಕೈಮುಗಿಯುತ್ತೇನೆ. ಹದಿನಾಲ್ಕು ದಿನ ಕಳೆದಿವೆ, ನಡೆದದ್ದನ್ನು ತಿಳಿಸಬೇಕು.

ಅಂದು ರಾತ್ರಿಯೇ ನೋಡಿದೆ. ಬೆನ್ನು, ಸೊಂಟ ಸ್ವಚ್ಛವಾಗಿದ್ದವು. ಬಲ ಹಿಮ್ಮಡಿಯ ಹೊರಬದಿಯಲ್ಲಿ ಹೆಬ್ಬೆರಳ ಉಗುರಿನಷ್ಟು ಅಗಲದ ಕೆಂಪು ಮಚ್ಚೆ. ಒತ್ತಿದೆ, ಬಿಟ್ಟೆ, ಕೆಂಪು ಹಾಗೆಯೇ ಇತ್ತು. ಮತ್ತೊಮ್ಮೆ ಒತ್ತಲು ಧೈರ್ಯ ಬರಲಿಲ್ಲ. "ನೋಯುತ್ತದೆಯೇ ಅಮ್ಮ?" ಎಂದೆ. ನನ್ನ ಬೆರಳನ್ನು ಒತ್ತಿ ಹಿಡಿದವರು ಬಿಡಲೇ ಇಲ್ಲ. ಐದು ತಿಂಗಳಲ್ಲಿ ನಾನು ಅವರಿಗೆ ಆ ಪ್ರಶ್ನೆ ಕೇಳಿದ್ದು ಅದೇ ಮೊದಲು.

ಮರುದಿನ ರಜೆ ಹಾಕಿ ಹಗಲಿನವರ ಜೊತೆ ಕೂತೆ. ಪುಸ್ತಕವನ್ನು ಮುಂದಿಡದೆ, ಅಮ್ಮನನ್ನು ಒಬ್ಬರೇ ಹೊರಳಿಸಲು ಆಗುತ್ತಿದೆಯೇ ಎಂದಷ್ಟೇ ಕೇಳಿದೆ. ಅವರು ತಲೆ ತಗ್ಗಿಸಿ ಬಹಳ ಹೊತ್ತು ಕೂತರು. ಆಮೇಲೆ, ಒಂದು ತಿಂಗಳಿಂದ ನಡುನೋವು ಎಂದೂ, ಏಜೆನ್ಸಿಗೆ ಹೇಳಿದಾಗ ಹೇಗೋ ಸುಧಾರಿಸಿಕೊಳ್ಳಿ ಎಂದರೆಂದೂ, ನನಗೆ ಹೇಳಿದರೆ ಕೆಲಸ ಹೋಗುತ್ತದೆ ಎಂಬ ಭಯವಿತ್ತೆಂದೂ ಹೇಳಿದರು. ಬದಲಿಯವರು ಬಂದ ದಿನದ ಪುಟವನ್ನು ಏಜೆನ್ಸಿಯವರು ಹೇಳಿದ್ದಕ್ಕೆ ಮಾರನೆಯ ದಿನ ತುಂಬಿದರಂತೆ. ನನಗೆ ಸಿಟ್ಟು ಬಂದದ್ದು ಇಲ್ಲಿ, ಏಜೆನ್ಸಿಯ ಮೇಲೆ, ಅವರ ಮೇಲಲ್ಲ.

ಏಜೆನ್ಸಿಗೆ ಬರವಣಿಗೆಯಲ್ಲೇ ಕೇಳಿದೆ. ಬ್ರೇಡನ್ ಅಂಕ ಅವರ ಬಳಿ ಇರಲಿಲ್ಲ. ಒತ್ತಾಯಿಸಿದ ಮೇಲೆ ಮೇಲ್ವಿಚಾರಣೆಯ ನರ್ಸ್ ಒಬ್ಬರು ಬಂದು ನೋಡಿ 13 ಕೊಟ್ಟರು. ವೈದ್ಯರಿಗೆ ಹಿಮ್ಮಡಿಯ ಫೋಟೊ ಕಳುಹಿಸಿದೆ, ಅವರು ಬಂದು ನೋಡಿದರು. ಹಾಸಿಗೆಯ ಕಾಲುಗಳ ಕೆಳಗೆ ಭದ್ರವಾದ ಮರದ ಅಡಿಗಟ್ಟೆಗಳನ್ನು ಕೊಡಿಸಿ ಎತ್ತರ ಮಾಡಿಸಿದೆವು, ಅಡ್ಡಬಟ್ಟೆ ಹಾಕಿದೆವು. ಏಜೆನ್ಸಿಯ ಒಪ್ಪಂದ ಈ ತಿಂಗಳ ಕೊನೆಗೆ ಮುಗಿಯುತ್ತದೆ. ಬೇರೆ ಎರಡು ಕಡೆ, ಕೊನೆಯ ಸಲ ಆದ ತಪ್ಪು ಯಾವುದು ಎಂಬ ಆ ಒಂದು ಪ್ರಶ್ನೆಯನ್ನು ಕೇಳಿ ಉತ್ತರಕ್ಕೆ ಕಾಯುತ್ತಿದ್ದೇನೆ.

ಪುಸ್ತಕದ ಅಂಕಣಗಳನ್ನು ಅಳಿಸಿ ಖಾಲಿ ಹಾಳೆ ಇಟ್ಟಿದ್ದೇನೆ, ಕಂಡದ್ದನ್ನು ಬರೆಯಿರಿ ಎಂದು. ನಿನ್ನೆಯ ಹಗಲಿನ ಪುಟದಲ್ಲಿ ಹೀಗಿತ್ತು: "2 ಗಂಟೆಗೆ ಒಬ್ಬಳಿಗೇ ಆಗಲಿಲ್ಲ. ಪಕ್ಕದ ಮನೆಯವರನ್ನು ಕರೆದು 2.40ಕ್ಕೆ ಹೊರಳಿಸಿದೆವು. ಹಿಮ್ಮಡಿ ಒತ್ತಿದೆ, ಸ್ವಲ್ಪ ಬಿಳಿಚಿತು."

ರಾತ್ರಿಯ ಪುಟಗಳಲ್ಲಿ ಮಾತ್ರ ಇನ್ನೂ "ಎಲ್ಲ ಸರಿ" ಎಂದಷ್ಟೇ ಇದೆ. ಇವತ್ತು ಎರಡು ಗಂಟೆಗೆ ಅಲಾರಂ ಇಟ್ಟುಕೊಂಡಿದ್ದೇನೆ. ಎದ್ದು ಹೋಗಿ, ಅಮ್ಮನನ್ನು ಹೊರಳಿಸುವಾಗ ಇನ್ನೊಂದು ಬದಿಯಲ್ಲಿ ನಾನು ಬಟ್ಟೆ ಹಿಡಿಯುತ್ತೇನೆ.